ಉಗಿಯಂತ್ರ ಮತ್ತು ಕುಶಲಕರ್ಮದ ಪರಂಪರೆ: ಡಾರ್ಜಿಲಿಂಗ್ ಹಿಮಾಲಯ ರೈಲ್ವೆಯ ತಿಂಧಾರಿಯಾ ಕಾರ್ಯಾಗಾರ

ಜನಪದ ವೃತ್ತಿಗಳ ಅಧ್ಯಯನವೆಂದರೆ ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆಗಳ ಅಧ್ಯಯನವೆಂಬ ತಿಳಿವಳಿಕೆ ಬಹುಕಾಲದಿಂದ ರೂಢಿಯಲ್ಲಿದೆ. ಯಂತ್ರದ ಆಗಮನದೊಂದಿಗೆ ಪರಂಪರೆ ಕೊನೆಗೊಂಡಿತೆಂಬ ಗ್ರಹಿಕೆಯೇ ಇದಕ್ಕೆ ಕಾರಣ. ಆದರೆ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಒಂದೇ ಮಾದರಿಯ ಯಂತ್ರವನ್ನು ಒಂದೇ ಸ್ಥಳದಲ್ಲಿ ದುರಸ್ತಿ ಮಾಡುತ್ತ ಬಂದ ಸಮುದಾಯವೊಂದರಲ್ಲಿ ಯಂತ್ರವೇ ಪರಂಪರೆಯ ವಾಹಕವಾಗುತ್ತದೆ. ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಹಿಮಾಲಯ ರೈಲ್ವೆ ಮತ್ತು ಅದರ ತಿಂಧಾರಿಯಾ ಕಾರ್ಯಾಗಾರ ಇದಕ್ಕೆ ಉತ್ತಮ ನಿದರ್ಶನ.

ಐತಿಹಾಸಿಕ ಹಿನ್ನೆಲೆ

ಈಸ್ಟರ್ನ್ ಬೆಂಗಾಲ್ ರೈಲ್ವೆಯ ಅಧಿಕಾರಿಯಾಗಿದ್ದ ಫ್ರಾಂಕ್ಲಿನ್ ಪ್ರೆಸ್ಟೇಜ್‌ನ ಯೋಜನೆಯಂತೆ 1879ರಲ್ಲಿ ಆರಂಭವಾದ ಕಾಮಗಾರಿ 1881ರಲ್ಲಿ ಡಾರ್ಜಿಲಿಂಗನ್ನು ತಲುಪಿತು. ಹಳಿಗಳ ನಡುವಿನ ಅಂತರ ಕೇವಲ 2 ಅಡಿ. ತೆರಾಯಿ ಬಯಲಿನಿಂದ ಹೊರಟು ಸುಮಾರು 2258 ಮೀಟರ್ ಎತ್ತರದ ಘುಮ್ ನಿಲ್ದಾಣಕ್ಕೆ ಏರುವ ಈ ಮಾರ್ಗದಲ್ಲಿ ಒಂದೂ ಸುರಂಗವಿಲ್ಲ. ಹಿಂದುಮುಂದಾಗಿ ಏರುವ ಓರೆಹಳಿಗಳೂ ಸುರುಳಿ ತಿರುವುಗಳೂ ಏರುವಿಕೆಯನ್ನು ಸಾಧ್ಯವಾಗಿಸಿವೆ.

ಇಂಥ ದಾರಿಗೆಂದೇ ರೂಪುಗೊಂಡದ್ದು 'ಬಿ' ವರ್ಗದ ಇಂಜಿನು. 1889ರಲ್ಲಿ ಷಾರ್ಪ್ ಸ್ಟುವರ್ಟ್ ಕಂಪನಿ ಇದರ ಮೊದಲ ಇಂಜಿನುಗಳನ್ನು ಒದಗಿಸಿತು. 1920ರ ದಶಕದವರೆಗೆ ತಯಾರಾದ ಒಟ್ಟು 34 ಇಂಜಿನುಗಳಲ್ಲಿ ಮೂರು ಅಮೆರಿಕದ ಬಾಲ್ಡ್‌ವಿನ್ ಕಂಪನಿಯವು, ಮೂರು ತಿಂಧಾರಿಯಾದಲ್ಲಿಯೇ ನಿರ್ಮಾಣಗೊಂಡವು. ದುರಸ್ತಿಯ ಕೈ ಸೃಷ್ಟಿಯ ಕೈಯೂ ಆಗಿತ್ತೆಂಬುದಕ್ಕೆ ಇದು ಸಾಕ್ಷಿ. ನಾಲ್ಕು ಗಾಲಿಗಳ ಈ ಪುಟ್ಟ ಇಂಜಿನಿನ ಬಾಯ್ಲರಿನ ಮೇಲೆ ಜೀನಿನಂತೆ ನೀರಿನ ತೊಟ್ಟಿ ಕೂರುತ್ತದೆ. ತೊಟ್ಟಿಯ ಭಾರ ಗಾಲಿಗಳ ಮೇಲೆಯೇ ಬೀಳುವುದರಿಂದ ಹಳಿಯ ಹಿಡಿತ ಹೆಚ್ಚುತ್ತದೆ.

ದುರಸ್ತಿಯ ಕ್ರಮ ಮತ್ತು ಇಂದ್ರಿಯಜ್ಞಾನ

ಉಗಿಯಂತ್ರದ ಆಯುಷ್ಯವನ್ನು ನಿರ್ಧರಿಸುವುದು ಬಾಯ್ಲರು. ನೀರಿನಲ್ಲಿ ಕರಗಿದ ಲವಣಗಳು ಕಾದ ತಗಡಿನ ಮೇಲೆ ಗಟ್ಟಿಯಾದ ಪದರವಾಗಿ ಕೂರುತ್ತವೆ. ಪದರ ದಪ್ಪವಾದಂತೆ ಬಿಸಿ ನೀರಿಗೆ ದಾಟದೆ ತಗಡೇ ಕಾದು ದುರ್ಬಲವಾಗುತ್ತದೆ. ಆದ್ದರಿಂದ ಬಾಯ್ಲರನ್ನು ಆಗಾಗ ಬರಿದು ಮಾಡಿ ತೊಳೆಯಬೇಕು. ಸವೆದ ಹೊಗೆಕೊಳವೆಗಳನ್ನು ಕಿತ್ತು ಹೊಸವನ್ನು ಕೂರಿಸಿ, ಅವುಗಳ ತುದಿಯನ್ನು ಹಿಗ್ಗಿಸಿ ಬಿಗಿಗೊಳಿಸಬೇಕು. ಬೆಂಕಿಗೂಡಿನ ಒಳಗೋಡೆಯನ್ನು ಹೊರಗೋಡೆಗೆ ಬಂಧಿಸುವ ನೂರಾರು ಮೊಳೆಗಳಲ್ಲಿ ಯಾವುದು ಮುರಿದಿದೆಯೆಂಬುದು ಕಣ್ಣಿಗೆ ಸುಲಭವಾಗಿ ಕಾಣದು. ಸುತ್ತಿಗೆಯಿಂದ ತಟ್ಟಿ ನಾದವನ್ನು ಕೇಳುವುದು ಹಳೆಯ ಕ್ರಮ. ಗಟ್ಟಿ ಮೊಳೆಯ ನಾದ ಬೇರೆ, ಮುರಿದ ಮೊಳೆಯ ನಾದ ಬೇರೆ. ಈ ಭೇದವನ್ನು ಕೈಪಿಡಿಯೊಂದು ವಿವರಿಸಬಹುದೇ ಹೊರತು ಕಿವಿಗೆ ಕಲಿಸಲಾರದು. ಹಿರಿಯ ಕುಶಲಕರ್ಮಿಯ ಪಕ್ಕದಲ್ಲಿ ವರ್ಷಗಟ್ಟಲೆ ನಿಂತೇ ಅದನ್ನು ಕಲಿಯಬೇಕು.

ಗಾಲಿಗಳ ಕೆಲಸವೂ ಗಮನಾರ್ಹ. ಕಡಿದಾದ ತಿರುವುಗಳಲ್ಲಿ ಗಾಲಿಯ ಅಂಚು ಬೇಗ ಸವೆಯುತ್ತದೆ. ಸವೆದ ಉಕ್ಕಿನ ಹೊರಬಳೆಯನ್ನು ತೆಗೆದು, ಹೊಸ ಬಳೆಯನ್ನು ಕಾಯಿಸಿ ಹಿಗ್ಗಿಸಿ ತೊಡಿಸುತ್ತಾರೆ. ಆರಿದಾಗ ಅದು ಕುಗ್ಗಿ ಗಾಲಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಕಮ್ಮಾರನು ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಹಾಕುವ ತತ್ತ್ವವೂ ಇದೇ. ಕುಲುಮೆ ಮತ್ತು ಕಾರ್ಖಾನೆಗಳ ನಡುವೆ ವಿದ್ವತ್ತು ಎಳೆದಿರುವ ಗೆರೆ ಎಷ್ಟು ತೆಳುವಾದುದೆಂಬುದು ಇಲ್ಲಿ ವ್ಯಕ್ತವಾಗುತ್ತದೆ.

ಓಡಿಸುವವರ ಸಮುದಾಯವೂ ಈ ಜ್ಞಾನದ ಭಾಗವೇ. ಚಾಲಕ ಮತ್ತು ಬೆಂಕಿಯಾಳುಗಳಲ್ಲದೆ, ಕಲ್ಲಿದ್ದಲನ್ನು ಒಡೆದು ಕೊಡುವವನೂ, ಇಂಜಿನಿನ ಮುಂಭಾಗದಲ್ಲಿ ಕುಳಿತು ಜಾರುವ ಹಳಿಯ ಮೇಲೆ ಕೈಯಾರೆ ಮರಳು ಉದುರಿಸುವವರೂ ಇಲ್ಲಿನ ಸಾಂಪ್ರದಾಯಿಕ ತಂಡದಲ್ಲಿದ್ದರು. ಇಂಜಿನುಗಳಿಗೆ 'ಟಸ್ಕರ್', 'ಐರನ್ ಶೆರ್ಪಾ', 'ಹಿಮಾಲಯನ್ ಬರ್ಡ್' ಎಂಬ ಹೆಸರುಗಳೂ ಇವೆ. ಕರ್ನಾಟಕದಲ್ಲಿ ಆಯುಧಪೂಜೆಯಂದು ಯಂತ್ರಕ್ಕೆ ಸಲ್ಲುವ ಗೌರವ ಬಂಗಾಳದ ಕಾರ್ಖಾನೆಗಳಲ್ಲಿ ಸೆಪ್ಟೆಂಬರಿನ ವಿಶ್ವಕರ್ಮ ಪೂಜೆಯಂದು ಸಲ್ಲುತ್ತದೆ. ಯಂತ್ರವನ್ನು ಜೀವಂತವೆಂದು ಭಾವಿಸುವ ಮನೋಧರ್ಮ ಎರಡು ಕಡೆಯೂ ಸಮಾನ.

ಅಸಲಿತನದ ಪ್ರಶ್ನೆ

1999ರಲ್ಲಿ ಯುನೆಸ್ಕೊ ಈ ಮಾರ್ಗವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಮರುವರ್ಷ, 2000ದಲ್ಲಿ, ಡೀಸೆಲ್ ಇಂಜಿನುಗಳು ಇಲ್ಲಿಗೆ ಬಂದವು. ಕ್ರಮೇಣ ಉಗಿಯಂತ್ರಗಳ ಕೆಲಸ ಮುಖ್ಯವಾಗಿ ಡಾರ್ಜಿಲಿಂಗ್–ಘುಮ್ ನಡುವಿನ ವಿಹಾರ ಸಂಚಾರಕ್ಕೆ ಸೀಮಿತಗೊಂಡಿತು. 2010 ಮತ್ತು 2011ರ ಭೂಕುಸಿತಗಳು ತಿಂಧಾರಿಯಾ ಸುತ್ತಲಿನ ಮಾರ್ಗವನ್ನು ಕಡಿದುಹಾಕಿದವು; ಪೂರ್ಣ ಸಂಚಾರ ಪುನರಾರಂಭವಾದದ್ದು 2015ರ ಡಿಸೆಂಬರಿನಲ್ಲಿ.

ಇಲ್ಲಿ ಮೂಲಭೂತ ಪ್ರಶ್ನೆಯೊಂದು ಏಳುತ್ತದೆ. ಕೊಳವೆ, ಗಾಲಿಬಳೆ, ಬೇರಿಂಗು, ಕೊನೆಗೆ ಬಾಯ್ಲರು ಕೂಡ ಬದಲಾದ ಮೇಲೆ ಇಂಜಿನು ಅಸಲಿಯಾಗಿ ಉಳಿಯುವುದೇ? ಮೈಸೂರಿನಲ್ಲಿ 1979ರಲ್ಲಿ ಸ್ಥಾಪನೆಯಾದ ರೈಲ್ವೆ ವಸ್ತುಸಂಗ್ರಹಾಲಯದಂಥ ಕಡೆ ನಿಂತ ಇಂಜಿನಿನ ಲೋಹ ಸುರಕ್ಷಿತ. ಆದರೆ ಅದನ್ನು ಓಡಿಸುವ ವಿದ್ಯೆ ಅಲ್ಲಿ ಉಳಿಯಬೇಕೆಂದಿಲ್ಲ. ಓಡುವ ಇಂಜಿನಿನಲ್ಲಿ ಲೋಹ ಸವೆಯುತ್ತದೆ, ವಿದ್ಯೆ ಉಳಿಯುತ್ತದೆ. 1994ರ ನಾರಾ ದಸ್ತಾವೇಜು ಅಸಲಿತನವನ್ನು ವಸ್ತುವಿನಲ್ಲಿ ಮಾತ್ರವಲ್ಲದೆ ಬಳಕೆ, ಪರಂಪರೆ ಮತ್ತು ತಂತ್ರಗಳಲ್ಲಿಯೂ ಕಾಣಬಹುದೆಂದು ಒಪ್ಪಿಕೊಂಡಿತು. ಹಾಡುಗಾರನಿಂದ ಹಾಡುಗಾರನಿಗೆ ಬದಲಾಗುತ್ತಲೇ ತಾನಾಗಿ ಉಳಿಯುವ ಜನಪದ ಮಹಾಕಾವ್ಯವನ್ನು ಬಲ್ಲವರಿಗೆ ಈ ನಿಲುವು ಹೊಸದಲ್ಲ.

ವೇಲ್ಸ್ ದೇಶದ ಫೆಸ್ಟಿನಿಯೊಗ್ ರೈಲ್ವೆ ಇನ್ನೊಂದು ದಾರಿಯನ್ನು ತೋರಿಸುತ್ತದೆ. 1946ರಲ್ಲಿ ಮುಚ್ಚಿದ್ದ ಆ ಕಿರುಹಳಿಯನ್ನು ಸ್ವಯಂಸೇವಕರು 1955ರಿಂದ ಮತ್ತೆ ಓಡಿಸಿದರು. ಅಲ್ಲಿನ ಬೋಸ್ಟನ್ ಲಾಡ್ಜ್ ಕಾರ್ಯಾಗಾರ 1863ರ ಇಂಜಿನನ್ನು ಉಳಿಸಿಕೊಂಡದ್ದಷ್ಟೇ ಅಲ್ಲ, 1979, 1992 ಮತ್ತು 2023ರಲ್ಲಿ ಹಳೆಯ ಮಾದರಿಯ ಜೋಡಿ ಇಂಜಿನುಗಳನ್ನು ಹೊಸದಾಗಿಯೇ ನಿರ್ಮಿಸಿತು. ಅಲ್ಲಿ ಹವ್ಯಾಸವು ವಿದ್ಯೆಯನ್ನು ಕಾದರೆ, ತಿಂಧಾರಿಯಾದಲ್ಲಿ ಅದನ್ನು ಕಾದದ್ದು ಸಂಬಳದ ದುಡಿಮೆ. ಆದ್ದರಿಂದ ಇಲ್ಲಿ ನಿವೃತ್ತಿ, ವರ್ಗಾವಣೆ, ಖಾಲಿ ಹುದ್ದೆಗಳು ಕೇವಲ ಆಡಳಿತದ ಸಂಗತಿಗಳಲ್ಲ. ಪರಂಪರೆಯ ಕೊಂಡಿಗಳು ಕಳಚುವ ಬಗೆಗಳು.

ಸಮಾರೋಪ

ಒಟ್ಟಿನಲ್ಲಿ, ಪರಂಪರೆಯ ರೈಲ್ವೆಯ ರಕ್ಷಣೆಯೆಂದರೆ ಇಂಜಿನುಗಳ ಎಣಿಕೆಯಲ್ಲ. ಕೊಳವೆಯನ್ನು ಮತ್ತೆ ತಯಾರಿಸಬಹುದು. ಮೊಳೆಯ ನಾದವನ್ನು ಗುರುತಿಸುವ ಕಿವಿ ಒಮ್ಮೆ ಕಳೆದುಹೋದರೆ ಅದನ್ನು ಯಾವ ನಕ್ಷೆಯಿಂದಲೂ ಮರಳಿ ಪಡೆಯಲಾಗದು. ಕುಶಲಕರ್ಮಿಗಳ ಪರಿಭಾಷೆ, ಕಲಿಕೆಯ ಕ್ರಮ ಮತ್ತು ಅನುಭವ ಕಥನಗಳ ಸಂಗ್ರಹವು ಬಾಯ್ಲರಿನ ಪರೀಕ್ಷೆಯಷ್ಟೇ ನಿಯತವಾಗಿ ನಡೆಯಬೇಕಾದ ಕಾರ್ಯ. ಜಾನಪದ ಅಧ್ಯಯನ ತನ್ನ ಕ್ಷೇತ್ರವನ್ನು ಕಾರ್ಖಾನೆಯ ಬಾಗಿಲಿನವರೆಗೆ ಮಾತ್ರವಲ್ಲ, ಅದರ ಒಳಗೂ ವಿಸ್ತರಿಸಿಕೊಂಡಾಗ ಈ ಕಾರ್ಯ ಸಾಧ್ಯವಾಗುತ್ತದೆ.