ರಂಕಾಳಾ ಕೆರೆ ಮತ್ತು ಚಿತ್ರಕಾರ ಆಬಾಲಾಲ ರಹಿಮಾನ

ಗಡಹಿಂಗ್ಲಜ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ನಾನು ಮಾಸ್ತರಿಕೆ ಮಾಡುತ್ತಿದ್ದಾಗ ಒಂದು ಶನಿವಾರ ಮಕ್ಕಳಿಗೆ, "ನಮ್ಮೂರಿನ ಚಿತ್ರ ತೆಗೀರಿ" ಅಂದೆ. ಎಲ್ಲರೂ ತೆಗೆದದ್ದು ಒಂದೇ ಚಿತ್ರ. ಎರಡು ಗುಡ್ಡ, ನಡುವೆ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ದಂಡೆಗೆ ಒಂದು ತೆಂಗಿನ ಗಿಡ.

"ಅಲ್ಲಪಾ, ನಮ್ಮ ಹೊಳಿ ದಂಡ್ಯಾಗ ತೆಂಗಿನ ಗಿಡ ಎಲ್ಲೈತಿ?" ಎಂದು ಒಬ್ಬ ಹುಡುಗನನ್ನು ಕೇಳಿದೆ.

"ಊರಾಗ ಇಲ್ರಿ ಸರ. ಚಿತ್ರದಾಗ ಇರತೈತ್ರಿ" ಅಂದ.

ಆಗ ನಕ್ಕು ಸುಮ್ಮನಾದೆ. ಮನೆಗೆ ಹೋದ ಮೇಲೆ ಆ ಮಾತು ಚುಚ್ಚತೊಡಗಿತು. ಕಬ್ಬಿನ ಹೊಲ, ಬೆಲ್ಲದ ಗಾಣದ ಹೊಗೆ, ಹಿರಣ್ಯಕೇಶಿಯ ಮಡು, ಇವು ಚಿತ್ರಕ್ಕೆ ಬರುವಂಥವಲ್ಲ ಎಂದು ಆ ಮಕ್ಕಳಿಗೆ ಯಾರೋ ಕಲಿಸಿಬಿಟ್ಟಿದ್ದರು. ಆ ಯಾರೋ ನಾನೇ. ಹಲಗೆಯ ಮೇಲೆ ಆ ಎರಡು ಗುಡ್ಡ ಎಷ್ಟು ಸಲ ಬರೆದಿದ್ದೆನೋ!

ನಮ್ಮ ಜಿಲ್ಲೆಯಲ್ಲೇ ಈ ತಪ್ಪು ಮಾಡದ ಒಬ್ಬ ದೊಡ್ಡ ಚಿತ್ರಕಾರರು ಆಗಿಹೋಗಿದ್ದಾರೆ. ಅವರೇ ಕೊಲ್ಲಾಪುರದ ಆಬಾಲಾಲ ರಹಿಮಾನ. ಕುರಾನಿನ ಪ್ರತಿಗಳನ್ನು ಅಂದವಾಗಿ ಕೈಯಿಂದ ಬರೆಯುತ್ತಿದ್ದ ಮನೆತನ ಅವರದು. ಹೀಗಾಗಿ ಕುಂಚ, ಶಾಯಿ ಅವರಿಗೆ ಹೊಸವಲ್ಲ. ಮುಂದೆ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಹೋದರು. 1857ರಲ್ಲಿ ಶುರುವಾದ ಆ ಶಾಲೆಯನ್ನು 1880ರ ದಶಕದಲ್ಲಿ ನಡೆಸುತ್ತಿದ್ದವರು ಜಾನ್ ಗ್ರಿಫಿತ್ಸ್ ಎಂಬ ಬ್ರಿಟಿಷ್ ಚಿತ್ರಕಾರರು. ಕಾಗದದ ಮೇಲೆ ನೀರು ಬಣ್ಣದಿಂದ ಬಯಲು, ಗಿಡ, ಮೋಡ ಬರೆಯುವ ಆ ಪದ್ಧತಿ ಬೆಳೆದು ಬಂದದ್ದು ಅವರ ನಾಡಿನಲ್ಲಿ.

ಅಲ್ಲಿಯೂ ಊರಿನ ಹೊಳೆಗೆ ಮರ್ಯಾದೆ ಸುಮ್ಮನೆ ಸಿಕ್ಕಿರಲಿಲ್ಲ. ಜಾನ್ ಕಾನ್‌ಸ್ಟೇಬಲ್ ಎಂಬವನ ಕಥೆ ಕೇಳಿರಿ. (ಹೆಸರು ಕೇಳಿ ಪೊಲೀಸ ಅಂತ ತಿಳೀಬ್ಯಾಡ್ರಿ.) 1776ರಲ್ಲಿ ಸಫೋಕ್ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದ. ತಂದೆ ಕಾಳಿನ ವ್ಯಾಪಾರಿ, ಹೊಳೆಯ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿಗಳ ಮಾಲೀಕ. ಆ ಕಾಲಕ್ಕೆ ದೊಡ್ಡ ಚಿತ್ರ ಅಂದರೆ ದೇವರು, ರಾಜ, ಯುದ್ಧ. ಈತ ಮಾತ್ರ ತನ್ನೂರಿನ ಸ್ಟೌರ್ ಹೊಳೆ, ಅಪ್ಪನ ಗಿರಣಿ ಇವನ್ನೇ ಬರೆದ. 1821ರಲ್ಲಿ ಪ್ರದರ್ಶಿಸಿದ ಅವನ ಹೆಸರಾದ ಚಿತ್ರದಲ್ಲಿ ಇರುವುದಾದರೂ ಏನು? ಮೊಣಕಾಲುದ್ದ ನೀರಿನಲ್ಲಿ ನಿಂತ ಒಂದು ಬಂಡಿ! ನಮ್ಮ ಚಕ್ಕಡಿ ಗಾಲಿ ಒಣಗಿದರೆ ನಾವೂ ಹೊಳೆಗೆ ಇಳಿಸುತ್ತಿದ್ದೆವಲ್ಲ, ಅಂಥದೇ ನೋಟ. ಲಂಡನ್ನಿನಲ್ಲಿ ಆಗ ಅದನ್ನು ಕೊಳ್ಳುವವರು ಸಿಗಲಿಲ್ಲ. 1824ರಲ್ಲಿ ಪ್ಯಾರಿಸ್ಸಿನವರು ಚಿನ್ನದ ಪದಕ ಕೊಟ್ಟರು. ತನ್ನ ನಾಡಿನ ರಾಯಲ್ ಅಕಾಡೆಮಿ ಪೂರ್ಣ ಸದಸ್ಯನನ್ನಾಗಿ ಆರಿಸಿದ್ದು 1829ರಲ್ಲಿ, ಅವನ 52ನೇ ವಯಸ್ಸಿಗೆ. ಮೋಡದ ಚಿತ್ರ ಬರೆದರೆ ಅದರ ಹಿಂದೆ ತಾರೀಖು, ಹೊತ್ತು, ಗಾಳಿಯ ದಿಕ್ಕು ಎಲ್ಲಾ ಬರೆದಿಡುವ ರೂಢಿ ಅವನಿಗಿತ್ತು. 1837ರಲ್ಲಿ ತೀರಿಕೊಂಡ. ಆ ಗಿರಣಿಯನ್ನು, ಚಿತ್ರದಲ್ಲಿ ಕಾಣುವ ಮನೆಯನ್ನು ಇವತ್ತಿಗೂ ಅಲ್ಲಿನವರು ಜೋಪಾನ ಮಾಡಿದ್ದಾರೆ.

ಆಬಾಲಾಲರು ಕಲಿತ ಮೇಲೆ ಮುಂಬಯಿಯಲ್ಲಿ ನಿಲ್ಲಲಿಲ್ಲ, ಕೊಲ್ಲಾಪುರಕ್ಕೆ ತಿರುಗಿ ಬಂದರು. 1894ರಲ್ಲಿ ಪಟ್ಟಕ್ಕೆ ಬಂದ ಶಾಹೂ ಮಹಾರಾಜರು ಅವರನ್ನು ಆಸ್ಥಾನದ ಚಿತ್ರಕಾರರನ್ನಾಗಿ ಮಾಡಿಕೊಂಡರು. ದರಬಾರಿನ ಆಶ್ರಯ ಇದ್ದರೂ ಅವರ ಮನಸ್ಸು ಇದ್ದದ್ದು ನೀರಿನ ದಂಡೆಯಲ್ಲಿ. ಕೋಟಿತೀರ್ಥ, ರಂಕಾಳಾ ಕೆರೆ, ಅದರೊಳಗಿನ ಸಂಧ್ಯಾಮಠ, ಇವನ್ನೇ ಮತ್ತೆ ಮತ್ತೆ ಬರೆದರು. ಸಂಧ್ಯಾಮಠ ನೀವು ನೋಡಿರಬಹುದು. ನೀರು ಏರಿದರೆ ಮುಳುಗುವ, ಇಳಿದರೆ ಮೇಲೆ ಕಾಣುವ ಕಲ್ಲಿನ ಮಂಟಪ. ಕೊಲ್ಲಾಪುರದವರು ದಿನಾ ನೋಡುವಂಥದ್ದು, ಆದ್ದರಿಂದಲೇ ಯಾರೂ ನಿಂತು ನೋಡದಂಥದ್ದು. ಬಣ್ಣ ಕಲಿಸಿದ್ದು ಪರದೇಶದ ಪದ್ಧತಿ, ಬಣ್ಣ ಹಚ್ಚಿದ್ದು ನಮ್ಮ ನೀರಿಗೆ.

1922ರ ಮೇ 6ಕ್ಕೆ ಶಾಹೂ ಮಹಾರಾಜರು ತೀರಿಕೊಂಡರು. ಆ ದುಃಖದಲ್ಲಿ ಆಬಾಲಾಲರು ತಮ್ಮ ಚಿತ್ರಗಳ ಗಂಟುಗಳನ್ನು ಒಯ್ದು ರಂಕಾಳಾ ಕೆರೆಗೆ ಒಗೆದರು ಎಂದು ಕೊಲ್ಲಾಪುರದ ಜನ ಇವತ್ತಿಗೂ ಹೇಳುತ್ತಾರೆ. ಯಾವ ನೀರನ್ನು ಕಾಗದಕ್ಕೆ ತಂದಿದ್ದರೋ ಆ ನೀರಿಗೇ ಕಾಗದ ಹೋಯಿತು! ಆಬಾಲಾಲರು 1931ರಲ್ಲಿ ಕಣ್ಣು ಮುಚ್ಚಿದರು. ಉಳಿದ ಕೆಲವು ಚಿತ್ರಗಳು ಕೊಲ್ಲಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿವೆ. ಸಿನಿಮಾ ತೆಗೆದ ಬಾಬುರಾವ್ ಪೇಂಟರ್, ನಟರೂ ಚಿತ್ರಕಾರರೂ ಆಗಿದ್ದ ಚಂದ್ರಕಾಂತ ಮಾಂಡರೆ, ಇಂಥವರೆಲ್ಲ ಬೆಳೆದ ಊರಿಗೆ ಕಲಾಪುರ ಎಂಬ ಹೆಸರು ಬಂತು. ಆ ಸಾಲಿನ ಮೊದಲಲ್ಲಿ ನಿಲ್ಲುವವರು ಆಬಾಲಾಲರು.

ನಾನು ಟೌನ್ ಹಾಲಿಗೆ ಹೋಗಿ ಆ ಚಿತ್ರಗಳ ಮುಂದೆ ನಿಂತಾಗ ಅನಿಸಿದ್ದು ಇಷ್ಟೇ: ಒಗೆದವರ ದುಃಖ ದೊಡ್ಡದಿರಬಹುದು, ಆದರೆ ಹೋದದ್ದು ಅವರೊಬ್ಬರದಲ್ಲ, ನಮ್ಮದು. ಆ ಕಾಲದ ದಂಡೆ, ಗಿಡ, ಬೆಳಕು ಹೇಗಿತ್ತು ಎಂದು ಹೇಳಬಲ್ಲ ಸಾಕ್ಷಿ ಹೋಯಿತು.

ಮುಂದಿನ ಶನಿವಾರ ಮಕ್ಕಳನ್ನು ಹೊಳೆ ದಂಡೆಗೇ ಕರೆದುಕೊಂಡು ಹೋದೆ. "ಕಂಡದ್ದ ತೆಗೀರಿ. ಹಿಂದ ತಾರೀಖ ಬರೀರಿ, ಗಾಳಿ ಯಾವ ಕಡಿಂದ ಬೀಸತೈತಿ ಅದನ್ನೂ ಬರೀರಿ" ಅಂದೆ. ತೆಂಗಿನ ಗಿಡದ ಹುಡುಗ ಬೆಲ್ಲದ ಗಾಣ, ಅದರ ಹೊಗೆ ತೆಗೆದು ತಂದು, "ಇದು ಚಿತ್ರ ಆಗತೈತೇನ್ರಿ ಸರ?" ಅಂತ ಕೇಳಿದ. ಹೊಗೆ ಬಲಕ್ಕೆ ಬಾಗಿತ್ತು. ಹಿಂದೆ "ಪಡುವಣ ಗಾಳಿ" ಎಂದು ಬರೆದಿದ್ದ.

ಈಗ ಆ ಗಾಣ ಇಲ್ಲ. ಹುಡುಗ ದುಡಿಯಲು ಇಚಲಕರಂಜಿಗೆ ಹೋಗಿದ್ದಾನೆ. ಆ ಹಾಳೆ ಮಾತ್ರ ನಮ್ಮ ವಾಚನಾಲಯದ ಕಪಾಟಿನಲ್ಲಿ, ಉಳಿದ ಮಕ್ಕಳ ಹಾಳೆಗಳ ಜೊತೆಗೆ ಇದೆ. ಬಂದು ನೋಡ್ರಿ. ನಿಮ್ಮ ಮನೆಯಲ್ಲಿ ಅಂಥದ್ದೊಂದು ಇದ್ದರೆ ತಂದು ಕೊಡ್ರಿ, ಜೋಪಾನ ಮಾಡೋಣ.