ಕಲ್ಲಿನ ನಾಡಿನಲ್ಲಿ ಸಿಮೆಂಟಿನ ತುಳಸಿ ಕಟ್ಟೆ

ಇವತ್ತಿನ ಎಪಿಸೋಡ್‌ನಲ್ಲಿ ಯುದ್ಧ ಇಲ್ಲ, ಪಟ್ಟಾಭಿಷೇಕ ಇಲ್ಲ. ಮನೆ ಮುಂದಿನ ಸಿಮೆಂಟಿನ ತುಳಸಿ ಕಟ್ಟೆ, ಹೂಕುಂಡ, ಕಾಂಪೌಂಡ್ ಮೇಲೆ ಕೂತ ಸಿಂಹ, ಇವುಗಳ ಇತಿಹಾಸ ಐತಿ.

ಇವನ್ನು ನೋಡಿ "ಡೂಪ್ಲಿಕೇಟ್ ಕಲ್ಲು" ಅಂತ ನಗೋರು ಬಹಳ. ನಮ್ಮ ಜಿಲ್ಲೆಯಲ್ಲಂತೂ ನಗೋದು ಇನ್ನೂ ಸುಲಭ. ಬಾದಾಮಿಯಲ್ಲಿ ಕೆಂಪು ಮರಳುಗಲ್ಲು, ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಸಾಲು ಸಾಲು ಗುಡಿ, ಇಳಕಲ್ಲಿನಲ್ಲಿ ವಿದೇಶಕ್ಕೂ ಹೋಗುವ ಗುಲಾಬಿ ಗ್ರಾನೈಟ್. ಇಷ್ಟು ಕಲ್ಲು ಇದ್ದೂ ನಾವು ಸಿಮೆಂಟ್ ಯಾಕೆ ಎರಕ ಹೊಯ್ತೀವಿ?

ಬಾದಾಮಿಯ ಮೂರನೇ ಗುಹೆಗೆ ಹೋಗಿ ನೋಡ್ರಿ. ಚಾಲುಕ್ಯರ ಮಂಗಲೇಶ, ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಾಡಿಸಿದ್ದು. ಅಲ್ಲಿನ ಶಾಸನದ ಕಾಲ ಶಕ ವರ್ಷ 500, ಅಂದರೆ ಕ್ರಿ.ಶ. 578. ಕೆಳಗಿನ ಅಧಿಷ್ಠಾನದಲ್ಲಿ ಕುಣಿಯೋ ಕುಳ್ಳ ಗಣಗಳ ಸಾಲು ಐತಿ. ಪ್ರತಿಯೊಂದನ್ನೂ ಉಳಿಯಿಂದ ಬೇರೆ ಬೇರೆಯಾಗಿಯೇ ಕಡೆದಿದ್ದಾರೆ. ಅಷ್ಟು ದುಡಿಮೆಗೆ ಅನ್ನ ಹಾಕೋ ತಾಕತ್ತು ಅರಮನೆಗಿತ್ತು, ಗುಡಿಗಿತ್ತು. ಸಾಮಾನ್ಯರ ಹಿತ್ತಲಿಗೆ ಎಲ್ಲಿಂದ ಬರಬೇಕು?

ನಾನು ಬಿಕಾಂ ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ಕಲ್ಲಿನಲ್ಲಿ ಹತ್ತನೇ ಸಿಂಹಕ್ಕೂ ಮೊದಲನೇ ಸಿಂಹದಷ್ಟೇ ಕೂಲಿ. ಸಿಮೆಂಟಿನಲ್ಲಿ ಖರ್ಚೆಲ್ಲ ಅಚ್ಚಿಗೆ. ಅಚ್ಚಿಗೆ ₹10,000 ಆಯ್ತು ಅಂತ ಇಟ್ಕೊಳ್ರಿ. ಹತ್ತು ಸಿಂಹ ಹೊಯ್ದರೆ ಒಂದೊಂದರ ತಲೆ ಮೇಲೆ ₹1,000, ಐನೂರು ಹೊಯ್ದರೆ ಬರೀ ₹20. ಅಲಂಕಾರ ಅರಮನೆಯಿಂದ ಓಣಿಗೆ ಬಂದಿದ್ದು ಈ ಲೆಕ್ಕದಿಂದ.

ಈ ಸಿಮೆಂಟ್ ಹುಟ್ಟಿದ್ದೇ ಕಲ್ಲಿನ ನಕಲಾಗಿ. ಇಂಗ್ಲೆಂಡಿನ ಲೀಡ್ಸ್‌ನ ಗೌಂಡಿ ಜೋಸೆಫ್ ಆಸ್ಪ್ಡಿನ್ 1824ರಲ್ಲಿ ಪೇಟೆಂಟ್ ಪಡೆದ. ಅಲ್ಲಿನ ಪೋರ್ಟ್‌ಲ್ಯಾಂಡ್ ಕಲ್ಲಿನಂತೆ ಕಾಣುತ್ತೆ ಅಂತ ಅದೇ ಹೆಸರಿಟ್ಟ. ಆಮೇಲೆ ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೇ. ಮಣ್ಣಿನ ಕುಂಡ ಒಡೀತಿತ್ತು, ಕಟ್ಟಿಗೆಯದ್ದು ಕೊಳೀತಿತ್ತು. ಹಾಗಾಗಿ ಸಿಮೆಂಟಿನೊಳಗೆ ಕಬ್ಬಿಣದ ಜಾಲರಿ ಇಟ್ಟ. 1867ರಲ್ಲಿ ಆ ಕುಂಡಕ್ಕೆ ಪೇಟೆಂಟ್ ಸಿಕ್ಕಿತು. ಇವತ್ತು ನಿಮ್ಮ ಮನೆಯ ಸ್ಲ್ಯಾಬ್, ಪಿಲ್ಲರ್ ನಿಂತಿರೋ ಆರ್‌ಸಿಸಿಯ ಹಿರಿಯರಲ್ಲಿ ಆ ಹೂಕುಂಡವೂ ಒಂದು! ತೋಟದ ಸಾಮಾನು ಅಂತ ಇನ್ನು ಮುಂದೆ ಹಗುರವಾಗಿ ನೋಡಬೇಡ್ರಿ.

ನಮ್ಮ ಬಾಗಲಕೋಟೆಗೆ ಸಿಮೆಂಟ್ ಹೊರಗಿನದ್ದಲ್ಲ. ಕಲಾದಗಿ ಸುತ್ತಲಿನ ನೆಲದಲ್ಲಿ ಸುಣ್ಣದಕಲ್ಲು ಐತಿ, ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳೂ ಅದಾವ. ಆದರೆ ಇಲ್ಲಿ ಇನ್ನೊಂದು ಮಾತೂ ಐತಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಭಾಗಗಳು ಹೋದವು. ಜನ ಚಾರ್ಲ್ಸ್ ಕೊರಿಯಾ ನಕ್ಷೆ ರೂಪಿಸಿದ ನವನಗರಕ್ಕೆ ಬಂದರು. ಹಳೇ ಮನೆಯ ಕಲ್ಲಿನ ಕಟ್ಟೆ, ಕೆತ್ತಿದ ಬಾಗಿಲು, ಓಣಿಯ ಗುರುತು ಎಲ್ಲವನ್ನೂ ಹೊತ್ತು ತರೋಕೆ ಆಗ್ತದೇನು? ಹೊಸ ಸೈಟಿನಲ್ಲಿ "ಇದು ನಮ್ಮ ಮನೆ" ಅಂತ ಹೇಳೋಕೆ ಸಿಮೆಂಟಿನ ತುಳಸಿ ಕಟ್ಟೆ ಸಾಕಾಗ್ತದೆ. ಅದನ್ನು ನಕಲಿ ಅನ್ನೋಕೆ ನನಗೆ ಮನಸ್ಸಿಲ್ಲ.

ನನ್ನ ತಕರಾರು ಬೇರೆ. ಅಚ್ಚು ಒಂದೇ ಆದರೆ ಎಲ್ಲ ಊರಿನ ಸಿಂಹವೂ ಒಂದೇ. ಯಾವ ಊರಿನ ಬಾತುಕೋಳಿಯೋ ನಮ್ಮ ಗೇಟಿನ ಮೇಲೆ ಕೂತಿರ್ತದೆ. ಅಗ್ಗ ಆಗಿದ್ದಕ್ಕೆ ನಾವು ತೆತ್ತ ಬೆಲೆ ಇದು: ನಮ್ಮ ಗುರುತು ಹೋಯ್ತು.

ಇದಕ್ಕೆ ಉಪಾಯ ಅಂದರೆ ಅಚ್ಚನ್ನೇ ಮನೆಯಲ್ಲಿ ಮಾಡೋದು. ಒಂದು ಪಾಲು ಸಿಮೆಂಟ್, ಮೂರು ಪಾಲು ಸೋಸಿದ ಉಸುಕು, ಉಂಡೆ ಕಟ್ಟೋ ಹದಕ್ಕೆ ನೀರು. ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಇರಲಿ, ಸಿಮೆಂಟ್ ಚರ್ಮ ಸುಡ್ತದೆ. ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಒಳಗೆ, ಸಣ್ಣದರ ಹೊರಗೆ ಎಣ್ಣೆ ಸವರಿ, ನಡುವೆ ತುಂಬ್ರಿ. ತಂತಿ ಜಾಲರಿ ಹಾಕಿದರೆ ಹೊರಗೆ ಕಾಣದಂಗ ಮುಚ್ಚಿರಲಿ, ಇಲ್ಲಾಂದ್ರೆ ತುಕ್ಕು ಹಿಡಿದು ಕುಂಡ ಸೀಳ್ತದೆ. ತಳದಲ್ಲಿ ನೀರು ಹೋಗೋ ತೂತು ಮರೀಬೇಡ್ರಿ. ಮರುದಿನ ಬಿಚ್ಚಿ, ಏಳು ದಿನ ಒದ್ದೆ ಗೋಣಿಚೀಲ ಸುತ್ತಿಡ್ರಿ. ಗಿಡ ಇಡೋ ಮುಂಚೆ ಕೆಲವು ದಿನ ನೀರಲ್ಲಿ ನೆನೆಸಿ, ಆ ನೀರು ಚೆಲ್ರಿ.

ಚಿತ್ತಾರ ಎಲ್ಲಿಂದ? ಗುಹೆಯ ಶಿಲ್ಪದ ಮೇಲೆ ಮೇಣ, ಮಣ್ಣು ಒತ್ತಿ ಅಚ್ಚು ತೆಗೆಯೋ ಯೋಚನೆ ಬೇಡವೇ ಬೇಡ. ಅದು ಸಂರಕ್ಷಿತ ಸ್ಮಾರಕ, ದೂರದಿಂದ ನೋಡಿ ಬರಕೊಳ್ರಿ. ಇಲ್ಲವೇ ಮನೆಯ ಟ್ರಂಕ್ ತೆಗೀರಿ. ಇಳಕಲ್ ಸೀರೆಯ ಸೆರಗಿನಲ್ಲಿ ಟೋಪಿ ತೆನಿ ಐತಿ. ಕಸೂತಿ ಇದ್ದರೆ ಗೋಪುರ, ತೇರು, ಆನೆ, ತುಳಸಿ ಕಟ್ಟೆಯೂ ಸಿಗಬಹುದು. ಹಗ್ಗ ಅಥವಾ ರಬ್ಬರ್ ಶೀಟ್ ಕತ್ತರಿಸಿ ಡಬ್ಬಿಯ ಒಳಗೋಡೆಗೆ ಅಂಟಿಸ್ರಿ, ಕುಂಡದ ಮೇಲೆ ಅದು ತಗ್ಗಾಗಿ ಮೂಡ್ತದೆ.

ಅವ್ವ, ಅಜ್ಜಿ ಸೂಜಿಯಿಂದ ಎಣಿಸಿ ಹಾಕಿದ ತುಳಸಿ ಕಟ್ಟೆ ನಿಮ್ಮ ಅಂಗಳದ ತುಳಸಿ ಕಟ್ಟೆ ಮೇಲೂ ಬರಲಿ. ಮಾಡಿದ್ದರ ಫೋಟೋ ಕಳಿಸ್ರಿ. ಮುಂದಿನ ವಾರ ಸಿಗೋಣ.