ದ್ರಾಕ್ಷಿ ಕಡ್ಡಿಗೆ ಹತ್ತುವ ಬಂಗಾರ

ತಿಕೋಟಾ ತಾಲ್ಲೂಕಿನ ಕನಮಡಿ ದಾಟಿದರೆ ಮಹಾರಾಷ್ಟ್ರದ ಜತ್ತ ಸೀಮೆ. ಇತ್ತ ದ್ರಾಕ್ಷಿ ಬೆಳೆದು, ಒಣಗಿಸಿ ಮಣೂಕ ಮಾಡುತ್ತಾರೆ. ಅತ್ತ ಸಾಂಗ್ಲಿ ಜಿಲ್ಲೆಯ ವಿಟಾ, ಆಟಪಾಡಿ ಕಡೆಯವರು ದೇಶದ ಸರಾಫ ಬಜಾರುಗಳಲ್ಲೆಲ್ಲ ಗಲಾಯಿ ನಡೆಸುತ್ತಾರೆ, ಅಂದರೆ ಹಳೇ ಬಂಗಾರ, ಬೆಳ್ಳಿ ಕರಗಿಸಿ ಆಸಿಡ್ಡಿನಿಂದ ಶುದ್ಧ ಮಾಡುತ್ತಾರೆ. ಇತ್ತಣ ಕಸ ಅತ್ತಣ ಆಸಿಡ್ಡಿನಿಂದ ಬಂಗಾರ ಎತ್ತಬಲ್ಲದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಒಂದು ಪಾಲು ನೈಟ್ರಿಕ್, ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದರೆ ಬಂಗಾರ ಕರಗಿ ಹಳದಿ ನೀರಾಗುತ್ತದೆ. ಜೊತೆಗೆ ತಾಮ್ರ, ಸತುವೂ ಇಳಿದಿರುತ್ತವೆ. ಜಪಾನಿನ ಸಾಗಾ ವಿಶ್ವವಿದ್ಯಾಲಯದಲ್ಲಿ ಕತ್ಸುತೋಷಿ ಇನೊವೆ ಮತ್ತು ಸಂಗಡಿಗರು ಪರ್ಸಿಮನ್ ಹಣ್ಣಿನ ಟ್ಯಾನಿನ್, ದ್ರಾಕ್ಷಿಯ ಚರಟ ಮುಂತಾದವನ್ನು ಸಾಂದ್ರ ಗಂಧಕಾಮ್ಲದಲ್ಲಿ ಬೇಯಿಸಿ, ಇಂಥ ನೀರಿನಿಂದ ಬಂಗಾರವನ್ನಷ್ಟೇ ಹಿಡಿದು ತೋರಿಸಿದ್ದಾರೆ. ಬೇಯಿಸುವುದು ಏಕೆಂದರೆ, ಹಸಿ ಟ್ಯಾನಿನ್ ಚಹಾದ ಹಾಗೆ ನೀರಿಗೆ ಬಿಟ್ಟುಕೊಳ್ಳುತ್ತದೆ. ಬೆಂದ ಮೇಲೆ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಕರಗದ ಪುಡಿಯಾಗುತ್ತವೆ. ಆ ಪುಡಿ ಹಾಕಿದಾಗ ಹಳದಿ ಬಣ್ಣ ಇಳಿಯುತ್ತದೆ, ಸೂಕ್ಷ್ಮದರ್ಶಕದಲ್ಲಿ ಲೋಹದ ಹರಳುಗಳೇ ಕಾಣುತ್ತವೆ.

ಉಳಿದ ಲೋಹಗಳನ್ನು ಬಿಟ್ಟು ಬಂಗಾರವೇ ಏಕೆ? ಕ್ಲೋರೈಡ್ ದ್ರಾವಣದಲ್ಲಿ ಬಂಗಾರದ ಅಪಕರ್ಷಣ ವಿಭವ 1.00 ವೋಲ್ಟ್. ಟ್ಯಾನಿನ್ನಿನ ಕೆಟಿಕಾಲ್ ಉಂಗುರದ್ದು ಸುಮಾರು 0.8. ಪ್ಲಾಟಿನಂ, ಪಲ್ಲಾಡಿಯಂ ಅದಕ್ಕಿಂತ ಕೆಳಗೆ; ತಾಮ್ರ ಇನ್ನೂ ಕೆಳಗೆ, 0.34. ಉಂಗುರ ಎಲೆಕ್ಟ್ರಾನ್ ಕೊಡುವುದು ತನಗಿಂತ ಮೇಲಿರುವ ಬಂಗಾರಕ್ಕೆ ಮಾತ್ರ. ಬಂಗಾರದ ಒಂದು ಅಯಾನಿಗೆ ಮೂರು ಎಲೆಕ್ಟ್ರಾನ್ ಬೇಕು, ಉಂಗುರ ಕೊಡುವುದು ಎರಡು. ಆ ಲೆಕ್ಕದಲ್ಲಿ 330 ಗ್ರಾಂ ಕೆಟಿಕಾಲ್ 394 ಗ್ರಾಂ ಬಂಗಾರ ಇಳಿಸಬಲ್ಲದು. ಬಂಗಾರ ಹೊತ್ತ ಪುಡಿಯನ್ನು ಸುಟ್ಟರೆ ಲೋಹ ಉಳಿಯುತ್ತದೆ. ಅಂಗಡಿಯ ಕಸ ಸುಟ್ಟು ಬಂಗಾರ ತೆಗೆಯುವವರಿಗೆ ಇದೇನು ಹೊಸ ವಿದ್ಯೆಯಲ್ಲ. ಪ್ಲಾಟಿನಂ, ಪಲ್ಲಾಡಿಯಂ ಬೇಕಾದರೆ ಪುಡಿಗೆ ಅಮೀನ್ ಗುಂಪು ಜೋಡಿಸಬೇಕು. ಆ ದಾರಿ ಬೇರೆ, ಖರ್ಚೂ ಬೇರೆ.

ಇಲ್ಲಿ ದ್ರಾವಣ ಯಾವುದೆಂದು ಮೊದಲೇ ಕೇಳಬೇಕು. ಹಟ್ಟಿಯ ಗಣಿಯಲ್ಲಿ ಅದಿರಿಗೆ ಹಾಕುವುದು ಸಯನೈಡ್. ಅದು ಬಂಗಾರವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ ವಿಭವ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅಲ್ಲಿ ಟ್ಯಾನಿನ್ ಆಟ ನಡೆಯದು. ಅಂಥ ನೀರಿಗೆ ಜಗತ್ತಿನ ಬಂಗಾರದ ಕಾರ್ಖಾನೆಗಳು ಬಳಸುವುದು ತೆಂಗಿನ ಚಿಪ್ಪಿನ ಇದ್ದಿಲು. ಅದೂ ಗಿಡದ ಕಸವೇ, ನಿಜ.

ಇನ್ನೊಂದು ಎಚ್ಚರಿಕೆ ನಮ್ಮ ಹಣ್ಣಿನದೇ. ದ್ರಾಕ್ಷಿಯ ಟ್ಯಾನಿನ್ನಿನಲ್ಲಿ ದೊಡ್ಡ ಪಾಲು ಬೀಜದಲ್ಲಿರುತ್ತದೆ. ನಮ್ಮ ಥಾಮ್ಸನ್ ಬೀಜರಹಿತ ತಳಿ. ಮಣೂಕಕ್ಕೆ ಹಣ್ಣು ಹಿಂಡುವುದೂ ಇಲ್ಲ, ಸಿಪ್ಪೆ ಸಮೇತ ಒಣಗಿಸುತ್ತೇವೆ. ಹಾಗಾಗಿ ಜಪಾನಿನ ಫಲಿತಾಂಶವನ್ನು ತಿಕೋಟಾ, ಬಬಲೇಶ್ವರಕ್ಕೆ ಹಾಗೇ ತಂದು ಹಚ್ಚುವುದು ತಪ್ಪು. ನಮ್ಮಲ್ಲಿ ಉಳಿಯುವುದು ಮಣೂಕ ಹಸನು ಮಾಡುವಾಗ ಉದುರುವ ತೊಟ್ಟು, ಗೊಂಚಲಿನ ಕಡ್ಡಿ, ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿಯಲ್ಲಿ ಕತ್ತರಿಸಿದ ಕಟ್ಟಿಗೆ. ಇವುಗಳಲ್ಲಿ ಕಡ್ಡಿಯೇ ಹೆಚ್ಚು ಒಗರು. ಮೊದಲ ಪರೀಕ್ಷೆ ಅದರದಾಗಬೇಕು.

ವಿಜಯಪುರದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿಗಳು ಯಾರಾದರೂ ಇದನ್ನು ಕೈಗೆತ್ತಿಕೊಂಡರೆ ಒಂದು ಮಾತು: ಕಡ್ಡಿಯನ್ನೂ ಚಾಟ್ನಿ ಕಟ್ಟಿಗೆಯನ್ನೂ ಬೆರೆಸಬೇಡಿ, ಬೇರೆ ಬೇರೆಯಾಗಿ ಬೇಯಿಸಿ. ಪುಡಿ ಹಾಕುವ ಮೊದಲು ದ್ರಾವಣದ ನೈಟ್ರಿಕ್ ಆಮ್ಲವನ್ನು ಪೂರ್ತಿ ಕಳೆಯಿರಿ. ಅದು ಉಳಿದಿದ್ದರೆ ಟ್ಯಾನಿನ್ನನ್ನು ತಾನೇ ಕೆಡಿಸುತ್ತದೆ, ಇಳಿದ ಬಂಗಾರವನ್ನೂ ಮತ್ತೆ ಕರಗಿಸುತ್ತದೆ.